ಏಳನೇ ಅಧ್ಯಾಯದ ಹಿಮ

ದಾಬಸ್‌ಪೇಟೆ
ಆಗಸ್ಟ್ 12, 2024

ಅಪ್ಪನಿಗೆ,

ಇಲ್ಲಿ ನಾನು, ನಿನ್ನ ಅಳಿಯ ಭಾನುಪ್ರಕಾಶ್ ಇಬ್ಬರೂ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದಿರುವುದು ನಿನ್ನ ಪುಸ್ತಕದ ಏಳನೇ ಅಧ್ಯಾಯ ಒಂದೇ.

ಫೋನಿನಲ್ಲಿ ಹೇಳೋಣ ಎಂದರೆ ನಿನ್ನ ಎಡಗಿವಿಗೆ ಏನೂ ಕೇಳಿಸುವುದಿಲ್ಲ, ಬಲಗಿವಿಗೆ ನಿನಗೆ ಬೇಕಾದ್ದು ಮಾತ್ರ ಕೇಳಿಸುತ್ತದೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ನಿಂತು "ದೊಡ್ಡಬೀರಪ್ಪ ಹೆಂಗೆ ಸತ್ರು ಅಪ್ಪಾ?" ಎಂದು ನಾಲ್ಕು ಸಲ ಕೂಗಿದೆ. ನೀನು "ಹ್ಞೂ ಕಣಮ್ಮ, ಇಲ್ಲೂ ಮಳೆ ಬಂತು" ಎಂದು ಫೋನ್ ಇಟ್ಟುಬಿಟ್ಟೆ. ಹೆಡ್‌ಮಾಸ್ಟರ್ ಎದ್ದು ಬಂದು, ಯಾರಮ್ಮ ಹೋಗಿದ್ದು, ರಜೆ ಬೇಕಾ ಎಂದು ಕೇಳಿದರು. ವಾಟ್ಸಾಪಿನಲ್ಲಿ ಕೇಳಿದರೆ ಗುಲಾಬಿ ಹೂವಿನ ಜೊತೆ ಶುಭೋದಯ ಬರುತ್ತದೆ. ಅದಕ್ಕೇ ಈ ಕಾಗದ.

ಮೊದಲ ಆರು ಅಧ್ಯಾಯ ಟೈಪ್ ಮಾಡಿ ಮುಗಿಸಿದ್ದೇನೆ. ಮೂರನೆಯದು, ಸೈನ್ಯದ ಟ್ರೇನಿಂಗಿನಲ್ಲಿ ಮುದ್ದೆ ಸಿಗದೆ ಅತ್ತದ್ದು, ತುಂಬಾ ಚೆನ್ನಾಗಿದೆ. ಭಾನು ಅದನ್ನು ಓದಿ ನಕ್ಕು ನಕ್ಕು ಸುಸ್ತಾದ. ಅಷ್ಟು ಚೆನ್ನಾಗಿ ಬರೆಯಬಲ್ಲವನು ಯುದ್ಧಕ್ಕೆ ಬಂದ ಕೂಡಲೇ ಯಾಕಪ್ಪಾ ಹೀಗಾದೆ? ಏಳನೇ ಅಧ್ಯಾಯ ಹನ್ನೊಂದು ಪುಟ. ಅದರಲ್ಲಿ ಮೂವತ್ತೆಂಟು ಉಪಮೆ. ಕೆಂಪು ಪೆನ್ನಲ್ಲಿ ಗುರುತು ಹಾಕಿ ಎಣಿಸಿದ್ದೇನೆ. "ಗುಂಡುಗಳು ಮದುವೆಮನೆಯ ಅಕ್ಷತೆಯಂತೆ ಉದುರಿದವು" ಅಂತೆ! ಹೆತ್ತ ಮಗಳ ಹೆಸರನ್ನೂ ಬಿಟ್ಟಿಲ್ಲವಲ್ಲ ನೀನು.

"ಆಕಾಶದ ಹೊಟ್ಟೆ ಬಗೆದು ಹುಟ್ಟಿದ ಕೂಸುಗಳು ಅಳುತ್ತಾ ಬರುವಂತೆ ಶೆಲ್‌ಗಳು ಬಂದವು" ಎಂದು ಬರೆದಿದ್ದೀಯ. ಇದನ್ನು ಓದಿ ನನ್ನ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಆಮೇಲೆ? ಆ ಕೂಸುಗಳು ಎಲ್ಲಿ ಬಿದ್ದವು? ಯಾರ ಮೇಲೆ ಬಿದ್ದವು? ಆಗ ನೀನು ಎಲ್ಲಿದ್ದೆ? ಪುಟ ತಿರುಗಿಸಿದರೆ "ದೊಡ್ಡಬೀರಪ್ಪನೆಂಬ ಹುಲಿ ಹಿಮದ ಹಾಸಿಗೆಯ ಮೇಲೆ ಚಿರನಿದ್ರೆಗೆ ಜಾರಿತು" ಎಂದು ಬರೆದು ಗೆರೆ ಎಳೆದುಬಿಟ್ಟಿದ್ದೀಯ. ಅಷ್ಟೇ. ನಿನ್ನ ಜೀವದ ಗೆಳೆಯ, ಇಪ್ಪತ್ನಾಲ್ಕು ವರ್ಷದ ಹುಡುಗ, ಕಾರ್ಗಿಲ್ ಯುದ್ಧಕ್ಕೆ ಊರಿನಿಂದ ನಿನ್ನ ಜೊತೆ ಹೋದವನು, ಸತ್ತದ್ದು ಹೇಗೆ ಎಂದು ಹನ್ನೊಂದು ಪುಟ ಓದಿದರೂ ಗೊತ್ತಾಗುವುದಿಲ್ಲ.

ನಾನು ಹತ್ತನೇ ತರಗತಿಗೆ ಚರಿತ್ರೆ ಪಾಠ ಮಾಡುವವಳು. ಜುಲೈ ತಿಂಗಳು, ರಸ್ತೆ ಬದಿ, ರೇಷನ್ ಗಾಡಿ ಎಂದು ಆರನೇ ಅಧ್ಯಾಯದಲ್ಲಿ ನೀನೇ ಬರೆದಿದ್ದೀಯ. ಅಲ್ಲಿ ಆಗ ಹಿಮ ಇತ್ತಾ?

ನವೆಂಬರ್ ಒಂದಕ್ಕೆ ಊರಿನ ಶಾಲೆಯ ಮುಂದೆ ದೊಡ್ಡಬೀರಪ್ಪನವರ ಹೆಸರಿನ ಕಲ್ಲು ನಿಲ್ಲಿಸುತ್ತೀರಿ, ಅದೇ ದಿನ ಪುಸ್ತಕ ಬಿಡುಗಡೆ, ಅವರ ತಾಯಿಯನ್ನು ಕರೆಸಿ ವೇದಿಕೆ ಮೇಲೆ ಕೂರಿಸುತ್ತೀರಿ. ಆಯಮ್ಮನ ಎದುರಿಗೆ ಇದನ್ನು ಓದುತ್ತೀಯಾ? ಅವರು ಹೇಗೆ ಸತ್ತರು ಎಂದು ಒಂದೇ ಒಂದು ಸಾಲು ನೆಟ್ಟಗೆ ಬರೆದು ಕಳಿಸು. ಅಲ್ಲಿಯವರೆಗೆ ಏಳನೇ ಅಧ್ಯಾಯ ನಾನು ಮುಟ್ಟುವುದಿಲ್ಲ.

ಅಮ್ಮನಿಗೆ ಮಂಡಿನೋವಿನ ಎಣ್ಣೆ ತಂದಿಟ್ಟಿದ್ದೇನೆ.

ನಿನ್ನ ಮಗಳು
ಅಕ್ಷತ


ಚನ್ನರಾಯಪಟ್ಟಣ
ಆಗಸ್ಟ್ 21, 2024

ಪ್ರೀತಿಯ ಮಗಳೇ,

ನಿನ್ನ ಪತ್ರ ತಲುಪಿತು. ಸೈನ್ಯದಲ್ಲಿ ಕರ್ನಲ್ ಸಾಹೇಬರು ಕೂಡ ನನ್ನನ್ನು ಇಷ್ಟು ಗದರಿಸಿರಲಿಲ್ಲ. ನಿನ್ನ ಅಮ್ಮನಿಗೆ ಓದಿ ಹೇಳಿದೆ. "ಸರಿಯಾಗೇ ಕೇಳವ್ಳೆ" ಎಂದು ಹೇಳಿ ಎದ್ದು ಹೋದಳು. ಮನೆಯಲ್ಲೇ ಶತ್ರುಗಳಿರುವಾಗ ಗಡಿಯ ಮಾತು ಯಾಕೆ?

ಮಗಳೇ, ಯುದ್ಧವೆಂದರೆ ಪಂಚಾಯಿತಿ ವರದಿಯಲ್ಲ. ಇಂಥವರು ಇಷ್ಟು ಗಂಟೆಗೆ ಇಂಥ ಕಡೆ ಸತ್ತರು ಎಂದು ಬರೆಯಲು ಗುಮಾಸ್ತರಿದ್ದಾರೆ. ಬರಹಗಾರನ ಕೆಲಸ ಕೇಳುವವರ ಎದೆ ತಟ್ಟುವುದು. ನಮ್ಮ ದೇವನಹಳ್ಳಿ ತಾಲ್ಲೂಕಿನ ರೈತರು ಜಮೀನು ಉಳಿಸಿಕೊಳ್ಳಲು ಕೂತಿರುವ ಧರಣಿಯ ಟೆಂಟಿನಲ್ಲಿ ಮೊನ್ನೆ ಏಳನೇ ಅಧ್ಯಾಯವನ್ನು ಜೋರಾಗಿ ಓದಿದೆ. ನಲವತ್ತು ಜನರಿದ್ದರು. ಚಪ್ಪಾಳೆ ಬಿದ್ದದ್ದು ನನ್ನ ಕಿವುಡು ಕಿವಿಗೂ ಕೇಳಿಸಿತು. ಆದಿನಾರಾಯಣಪ್ಪನವರು, ಅವರೇ ಕಲ್ಲಿನ ಸಮಿತಿಯ ಅಧ್ಯಕ್ಷರು, ಕಣ್ಣು ಒರೆಸಿಕೊಂಡು, "ಪಿಳ್ಳಣ್ಣ, ಹಿಮದ ಹಾಸಿಗೆ ಅಂದ್ಯಲ್ಲ, ಅದೇ ಮಾತು ಕಲ್ಲಿನ ಮೇಲೂ ಬರ್ಲಿ" ಎಂದರು. ಅದರಂತೆ ನಾನು ಬರೆದುಕೊಟ್ಟಿರುವ ಸಾಲು ಇದು: "ಹಿಮದ ಹಾಸಿಗೆಯಲ್ಲಿ ಮಲಗಿದ ನಮ್ಮೂರ ಹುಲಿ." ಶಿಲ್ಪಿಗೆ ಅಕ್ಟೋಬರ್ ಕೊನೆಯ ವಾರ ಕೊಡಬೇಕು.

ನಮ್ಮ ಕೆರೆ ಏರಿಯ ವೀರಗಲ್ಲು ನೀನು ನೋಡಿಲ್ಲವೇ? ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದು ಕಾದುತ್ತಿದ್ದಾನೆ, ನಡುವಿನಲ್ಲಿ ದೇವಕನ್ಯೆಯರು ಎತ್ತಿಕೊಂಡು ಹೋಗುತ್ತಿದ್ದಾರೆ, ಮೇಲಿನದರಲ್ಲಿ ಶಿವನ ಎದುರು ಕೂತಿದ್ದಾನೆ. ಈಟಿ ಹೊಟ್ಟೆಗೆ ಬಿತ್ತೋ ಬೆನ್ನಿಗೆ ಬಿತ್ತೋ ಎಂದು ಯಾವ ಶಿಲ್ಪಿಯಾದರೂ ಕೆತ್ತಿದನೇ? ಸಾವಿರ ವರ್ಷದಿಂದ ನಮ್ಮ ಜನ ಹೀಗೇ ನೆನೆದುಕೊಂಡು ಬಂದಿದ್ದಾರೆ. ನಿನ್ನ ಟೀಚರ್ ಬುದ್ಧಿಯನ್ನು ಸ್ವಲ್ಪ ಬದಿಗಿಟ್ಟು ಟೈಪ್ ಮಾಡು.

ಹುರುಳಿಕಾಳು ಕಳಿಸಿದ್ದೇವೆ.

ಆಶೀರ್ವಾದಗಳೊಂದಿಗೆ
ನಿನ್ನ ಅಪ್ಪ, ಪಿಳ್ಳಣ್ಣ
ಹವಲ್ದಾರ್ (ನಿವೃತ್ತ)


ದಾಬಸ್‌ಪೇಟೆ
ಸೆಪ್ಟೆಂಬರ್ 2, 2024

ಅಪ್ಪ,

ಹುರುಳಿಕಾಳು ಬಂತು. ಉತ್ತರ ಬರಲಿಲ್ಲ.

ಕೆರೆ ಏರಿಯ ವೀರಗಲ್ಲಿನ ಕತೆ ನನಗೆ ಹೇಳಬೇಡ. ನಾನು ಅದರ ಮೇಲೆ ಹತ್ತಿ ಕುಣಿದು ಬೆಳೆದವಳು. ಆ ಮನುಷ್ಯನ ಹೆಸರೇನು ಎಂದು ನಿನಗೆ ಗೊತ್ತಾ? ನಿಮ್ಮ ಸಮಿತಿಯಲ್ಲಿ ಒಬ್ಬರಿಗಾದರೂ ಗೊತ್ತಾ? ದೇವಕನ್ಯೆಯರು ಚೆನ್ನಾಗಿ ಉಳಿದಿದ್ದಾರೆ, ಅವನು ಮಾತ್ರ ಇಲ್ಲ. ಮುತ್ತಮ್ಮನವರು ಅದರ ಮೇಲೆ ಬಟ್ಟೆ ಒಣಗಿಸುತ್ತಾರೆ.

ನನ್ನ ಕ್ಲಾಸಿನ ಮಕ್ಕಳಿಗೆ ಯಾವ ಯುದ್ಧದ ಬಗ್ಗೆ ಕೇಳಿದರೂ ಉತ್ತರ ಪತ್ರಿಕೆಯಲ್ಲಿ "ರಕ್ತದ ಹೊಳೆಯೇ ಹರಿಯಿತು" ಎಂದು ಬರೆಯುತ್ತಾರೆ. ಎಲ್ಲಾ ಯುದ್ಧಕ್ಕೂ ಅದೇ ಹೊಳೆ. ಯಾರ ರಕ್ತ, ಯಾಕೆ ಸತ್ತರು ಎಂದರೆ ಮುಖ ಮುಖ ನೋಡುತ್ತಾರೆ. ಅರ್ಧ ಮಾರ್ಕ್ಸ್ ಕೂಡ ಕೊಡುವುದಿಲ್ಲ ನಾನು. ಅಂಥಾದ್ದರಲ್ಲಿ ಮನೆಯಲ್ಲೇ ಅಪ್ಪ ಹೊಳೆ ಹರಿಸುತ್ತಾ ಕೂತರೆ ನನಗೆ ಹೇಗಾಗಬೇಡ? ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

ಇನ್ನೊಂದು ವಿಷಯ. ಒಂಬತ್ತನೇ ತರಗತಿಯಲ್ಲಿ ಚಂದನ ಎಂಬ ಹುಡುಗಿ ಇದ್ದಾಳೆ. ಸ್ವಾತಂತ್ರ್ಯ ದಿನದ ಭಾಷಣದಲ್ಲಿ, ನಮ್ಮ ದೊಡ್ಡಪ್ಪ ಯುದ್ಧದಲ್ಲಿ ತೀರಿಕೊಂಡರು ಎಂದಳು. ವಿಚಾರಿಸಿದರೆ ಅದು ದೊಡ್ಡಬೀರಪ್ಪನವರೇ. ಅವರ ತಮ್ಮ ಮುನಿಕೃಷ್ಣ ಸೋಂಪುರದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾರೆ, ತಾಯಿ ನರಸಮ್ಮಜ್ಜಿಯೂ ಅವರ ಜೊತೆಗೇ ಇದ್ದಾರೆ. ನಮ್ಮ ಮನೆಯಿಂದ ಎರಡು ಕಿಲೋಮೀಟರ್. ಇಷ್ಟು ವರ್ಷ ನೀನು ಒಂದು ಸಲವೂ ಆ ಅಜ್ಜಿಯನ್ನು ನೋಡಲು ಬಂದಿಲ್ಲವಂತೆ. ಪ್ರಾಣಸ್ನೇಹಿತ ಎಂದು ಹನ್ನೊಂದು ಪುಟ ಬರೆಯುವವನಿಗೆ ಒಂದು ಬಸ್ಸು ಹತ್ತಲು ಆಗಲಿಲ್ಲವಾ?

ನೀನು ಹೇಳದಿದ್ದರೆ ನಾನೇ ಹೋಗಿ ಅವರನ್ನು ಕೇಳುತ್ತೇನೆ.

ಅಕ್ಷತ


ಚನ್ನರಾಯಪಟ್ಟಣ
ಸೆಪ್ಟೆಂಬರ್ 9, 2024

ಅಕ್ಷತ,

ಅವರ ಮನೆಗೆ ಹೋಗಬೇಡ. ಇದು ಅಪ್ಪನಾಗಿ ಹೇಳುತ್ತಿರುವ ಮಾತು. ಆ ತಾಯಿ ಹೇಗೋ ಮರೆತು ಬದುಕುತ್ತಿದ್ದಾರೆ. ಆರಿದ ಗಾಯವನ್ನು ಯಾಕೆ ಕೆರೆಯುತ್ತೀಯ?

ನಿನ್ನ ಮಾತಿಗೆ ಬೆಲೆ ಕೊಟ್ಟು ಏಳನೇ ಅಧ್ಯಾಯವನ್ನು ತಿದ್ದಿದ್ದೇನೆ. ಹನ್ನೆರಡು ಉಪಮೆ ತೆಗೆದಿದ್ದೇನೆ. ಅಕ್ಷತೆಯನ್ನು ತೆಗೆದು ಆಲಿಕಲ್ಲು ಎಂದು ಹಾಕಿದ್ದೇನೆ. ಇದಕ್ಕಿಂತ ಹೆಚ್ಚು ಯಾವ ಬರಹಗಾರನೂ ಮಾಡುವುದಿಲ್ಲ. ಹಿಮದ ಹಾಸಿಗೆ ಮಾತ್ರ ತೆಗೆಯುವುದಿಲ್ಲ, ಅದನ್ನು ಕೇಳಲೂ ಬೇಡ. ಇಪ್ಪತ್ತೈದು ವರ್ಷದಿಂದ ಇರುವ ಮಾತು ಅದು.

ತಿದ್ದಿದ ಪ್ರತಿ ಈ ಕವರಿನಲ್ಲಿದೆ. ಟೈಪ್ ಮಾಡಲು ಮನಸ್ಸಿಲ್ಲದಿದ್ದರೆ ಹೇಳು, ದೇವನಹಳ್ಳಿಯಲ್ಲಿ ದುಡ್ಡು ಕೊಟ್ಟು ಮಾಡಿಸುತ್ತೇನೆ.

ಪಿಳ್ಳಣ್ಣ


ದಾಬಸ್‌ಪೇಟೆ
ಅಕ್ಟೋಬರ್ 4, 2024

ಅಪ್ಪ,

ನಾನು ಹೋಗಿದ್ದೆ.

ಮೊನ್ನೆ ಬುಧವಾರ ಮಹಾಲಯ ಅಮಾವಾಸ್ಯೆ. ಶಾಲೆಗೆ ರಜೆ. ಚಂದನ ಹಿಂದಿನ ದಿನವೇ, "ಮಿಸ್, ನಮ್ಮನೇಲಿ ದೊಡ್ಡಪ್ಪಂಗೆ ಎಡೆ ಇಡ್ತಾರೆ, ಬನ್ನಿ" ಎಂದು ಕರೆದಿದ್ದಳು. ಗಾಂಧಿ ಜಯಂತಿ, ಮಾಂಸದ ಅಂಗಡಿ ಮುಚ್ಚಿರುತ್ತದೆ ಎಂದು ಮುನಿಕೃಷ್ಣ ಮಂಗಳವಾರವೇ ಮಟನ್ ತಂದಿಟ್ಟಿದ್ದರಂತೆ. ಎರಡು ರೂಮಿನ ಬಾಡಿಗೆ ಮನೆ. ಗೋಡೆಯ ಮೇಲೆ ಯೂನಿಫಾರ್ಮಿನಲ್ಲಿರುವ ಫೋಟೋ. ಎಲೆಯ ಮೇಲೆ ಮುದ್ದೆ, ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ. ಪಕ್ಕದಲ್ಲಿ ಮಡಿಸಿಟ್ಟ ಹೊಸ ಕರಿ ಕಂಬಳಿ. ಬೆಲೆ ಚೀಟಿ ಕೂಡ ಕಿತ್ತಿರಲಿಲ್ಲ.

ಕುರುಬರ ಮನೆ, ಕಂಬಳಿ ಪೂಜೆಗೆ ಇರುವುದು ಸಹಜ ಎಂದುಕೊಂಡು ಸುಮ್ಮನೆ ಕೇಳಿದೆ. ಅಜ್ಜಿ ಏನೆಂದರು ಗೊತ್ತಾ?

"ನನ್ ಮಗ ಚಳೀಲಿ ಸತ್ನಲ್ಲವ್ವ. ಅದ್ಕೆ ವರ್ಸಾ ವರ್ಸಾ ಒಂದು ಇಡ್ತೀನಿ."

ಚಳಿಯಲ್ಲಿ ಅಲ್ಲ ಅಜ್ಜಿ, ಯುದ್ಧದಲ್ಲಿ ಎಂದೆ. ಮುನಿಕೃಷ್ಣ ಹಣೆ ಚಚ್ಚಿಕೊಂಡರು. "ಪೇಪರಲ್ಲಿ ಶೆಲ್ ಅಂತ ಹಾಕಿದ್ರು ಮೇಡಂ, ಪೆಟ್ಟಿಗೆ ತಂದ ಆಫೀಸರ್ರೂ ಅದನ್ನೇ ಅಂದ್ರು. ಸಾವಿರ ಸಲ ಹೇಳಿದೀನಿ. ಒಪ್ಪಲ್ಲ ನಮ್ಮವ್ವ."

ಅಜ್ಜಿ ನನ್ನನ್ನೇ ನೋಡಿ ಹೇಳಿದರು: "ಪೇಪರ್ನೋರು ಅಲ್ಲಿದ್ರಾ? ಪಕ್ದಾಗಿದ್ದೋನು ಬರ್ದವ್ನೆ. ನಿಮ್ಮಪ್ಪನೇ ಬರ್ದವ್ನಲ್ಲ."

ಟ್ರಂಕಿನಿಂದ ಒಂದು ಕಾಗದ ತೆಗೆದು ಕೊಟ್ಟರು. ಮಡಿಕೆಯ ಕಡೆಯೆಲ್ಲ ಹರಿದು ಅಂಟಿಸಿದ್ದಾರೆ. ನಿನ್ನ ಅಕ್ಷರ. 1999ರ ಆಗಸ್ಟಿನಲ್ಲಿ ನೀನು ಅವರಿಗೆ ಬರೆದದ್ದು. "ತಾಯಿ, ನಿಮ್ಮ ಕರುಳ ಕುಡಿ ಹಿಮದ ಹಾಸಿಗೆಯ ಮೇಲೆ ಒರಗಿ, ಬೆಳ್ಳಿಬೆಟ್ಟದ ಬಿಳಿಯ ಹೊದಿಕೆ ಹೊದ್ದು, ನಿಮ್ಮ ಮಡಿಲನ್ನು ನೆನೆಯುತ್ತಾ ನಿದ್ದೆಗೆ ಜಾರಿದ." ಅಜ್ಜಿಗೆ ಓದು ಬರುವುದಿಲ್ಲ. ಆದರೆ ಯಾರ್ಯಾರ ಹತ್ತಿರವೋ ಓದಿಸಿ ಓದಿಸಿ ಪೂರ್ತಿ ಬಾಯಿಪಾಠ ಬರುತ್ತದೆ. ನನ್ನ ಜೊತೆ ತಾವೂ ಹೇಳಿದರು.

ಅವರಿಗೆ ಅದು ಉಪಮೆ ಅಲ್ಲ ಅಪ್ಪ. ಮಗ ಮಂಜಿನ ಮೇಲೆ ಮಲಗಿ, ಹೊದೆಯಲು ಏನೂ ಇಲ್ಲದೆ, ಅವ್ವನನ್ನು ನೆನೆಯುತ್ತಾ, ಮತ್ತೆ ಏಳಲೇ ಇಲ್ಲ ಎಂದು ನೀನು ಬರೆದಿದ್ದೀಯ. ಅವರು ಅದನ್ನು ಹಾಗೇ ನಂಬಿದ್ದಾರೆ. ನಂಬದೆ ಏನು ಮಾಡಬೇಕಿತ್ತು? ನೀನು ಪಕ್ಕದಲ್ಲಿದ್ದವನು.

ಇನ್ನೂ ಇದೆ, ಕೇಳು. ಆ ವರ್ಷ ಮೇ ತಿಂಗಳಲ್ಲಿ ದೊಡ್ಡಬೀರಪ್ಪ ಮನೆಗೆ ಕಾಗದ ಬರೆಸಿದ್ದರಂತೆ, ಚಳಿ ತಡೆಯಕ್ಕಾಗ್ತಿಲ್ಲ, ಒಂದು ಕಂಬಳಿ ಕಳಿಸವ್ವ ಎಂದು. ಮನೆಯಲ್ಲಿ ಹೊಸದು ಒಂದೇ ಇತ್ತು. ಜೂನಿನಲ್ಲಿ ತಂಗಿ ಮದುವೆ. ಗಂಡುಹೆಣ್ಣನ್ನು ಕೂರಿಸಲು ಹೊಸ ಕಂಬಳಿಯನ್ನೇ ಹಾಸಬೇಕು, ಅವರ ಪದ್ಧತಿ. ಮದುವೆ ಮುಗಿಯಲಿ, ಆಮೇಲೆ ಪಾರ್ಸೆಲ್ ಮಾಡೋಣ ಎಂದು ಅಜ್ಜಿ ಇಟ್ಟುಕೊಂಡರು. ಮದುವೆಯಾಯಿತು. ಪಾರ್ಸೆಲ್ ಕಟ್ಟಿಸುವಷ್ಟರಲ್ಲಿ ಪೆಟ್ಟಿಗೆ ಬಂತು. ಆಮೇಲೆ ನಿನ್ನ ಈ ಕಾಗದ ಬಂತು.

"ನಾನೇ ಕೊಂದೆ ಕಣವ್ವ ಅವನ್ನ" ಎಂದರು. ಅಳಲಿಲ್ಲ. ಅನ್ನಕ್ಕೆ ಉಪ್ಪು ಹಾಕಿದೆ ಎನ್ನುವಷ್ಟು ಸಲೀಸಾಗಿ ಹೇಳಿದರು. ಎಷ್ಟು ವರ್ಷದಿಂದ ಹೇಳಿಕೊಂಡಿದ್ದಾರೋ. ಮುನಿಕೃಷ್ಣ ಹೇಳಿದ ಪ್ರಕಾರ, ಅವತ್ತಿನಿಂದ ಆಯಮ್ಮ ಎಂಥ ಚಳಿಗೂ ಮೈಮೇಲೆ ಒಂದು ದುಪ್ಪಟಿ ಹೊದ್ದಿಲ್ಲ. ಡಿಸೆಂಬರಿನಲ್ಲೂ ಬರೀ ನೆಲ, ಬರೀ ಸೀರೆ. ವರ್ಷಕ್ಕೊಂದು ಕಂಬಳಿ ಎಡೆಗೆ ಇಟ್ಟು, ಮಾರನೇ ದಿನ ಯಾರಾದರೂ ಕುರಿ ಕಾಯುವವರಿಗೆ ಕೊಟ್ಟುಬಿಡುತ್ತಾರೆ.

ಆರಿದ ಗಾಯ ಎಂದೆಯಲ್ಲ ನೀನು! ಇಪ್ಪತ್ತೈದು ಕಂಬಳಿ ಅಪ್ಪ. ನಿನ್ನ ಒಂದು ಸಾಲಿಗೆ.

ಈಗ ಅದೇ ಸಾಲನ್ನು ಕಲ್ಲಿನ ಮೇಲೆ ಕೆತ್ತಿಸಿ, ಆಯಮ್ಮನ ಕೈಯಲ್ಲೇ ಪರದೆ ಎಳೆಸಿ, ಮೈಕಿನಲ್ಲಿ ಓದಿಸಬೇಕು ಎಂದಿದ್ದೀರಿ. ನನಗೆ ಕೋಪ ಬಂದಿದೆ. ಅಲ್ಲಿ ಹಿಮ ಇತ್ತೋ ಇಲ್ಲವೋ? ಅವರು ಚಳಿಯಲ್ಲಿ ಸತ್ತರೋ ಇಲ್ಲವೋ? ಇದಕ್ಕೆ ಉತ್ತರ ಹೇಳಬಲ್ಲವನು ಭೂಮಿಯ ಮೇಲೆ ನೀನೊಬ್ಬನೇ ಇದ್ದೀಯ. ದಸರಾ ರಜೆಗೆ ನಾನು ಊರಿಗೆ ಬರುವುದಿಲ್ಲ. ನಿನ್ನ ಉತ್ತರ ಬಂದರೆ ಸಾಕು.

ಅಕ್ಷತ


ದಾಬಸ್‌ಪೇಟೆ
ಅಕ್ಟೋಬರ್ 14, 2024

ಅಪ್ಪ,

ಹತ್ತು ದಿನವಾಯಿತು. ನಿನ್ನೆ ಅಮ್ಮ ಫೋನ್ ಮಾಡಿದ್ದಳು. ಆಯುಧಪೂಜೆಗೂ ನೀನು ಮನೆಯಿಂದ ಆಚೆ ಬರಲಿಲ್ಲವಂತೆ, ಬರೆದು ಬರೆದು ಹರಿದು ಹಾಕುತ್ತಿದ್ದೀಯಂತೆ. "ಅದೇನ್ ಬರ್ದೆ ಅಂಥಾದ್ದು ನಿಮ್ಮಪ್ಪಂಗೆ?" ಎಂದು ನನಗೇ ಬೈದಳು.

ಆದಿನಾರಾಯಣಪ್ಪನವರೂ ಫೋನ್ ಮಾಡಿದ್ದರು. ಇಪ್ಪತ್ತೈದನೇ ತಾರೀಖು ಶಿಲ್ಪಿ ಉಳಿ ಹಿಡಿಯುತ್ತಾನಂತೆ. ಸಾಲು ಬದಲಾಯಿಸಬೇಕು ಎಂದೆ. "ಅಯ್ಯೋ, ಎಷ್ಟು ಚೆನ್ನಾಗೈತಲ್ಲಮ್ಮ, ಯಾಕೆ?" ಎಂದರು. ಯಾಕೆ ಎಂದು ನನಗೂ ಪೂರ್ತಿ ಗೊತ್ತಿಲ್ಲ, ನಮ್ಮಪ್ಪನನ್ನು ಕೇಳಿ ಎಂದೆ.

ಚೆನ್ನಾಗಿ ಬರೆಯಬೇಕಾಗಿಲ್ಲ. ಬರೆದರೆ ಸಾಕು.

ಅಕ್ಷತ


ಚನ್ನರಾಯಪಟ್ಟಣ
ಅಕ್ಟೋಬರ್ 17, 2024

ಅಕ್ಷತ,

ಅಲ್ಲಿ ಹಿಮ ಇರಲಿಲ್ಲ. ದೂರದ ಬೆಟ್ಟದ ತುದಿಯಲ್ಲಿ ಇತ್ತು. ನಾವಿದ್ದ ರಸ್ತೆ ಬದಿಯಲ್ಲಿ ಜಲ್ಲಿಕಲ್ಲು, ದೂಳು. ಬಿಸಿಲಿತ್ತು. ಬೀರ ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದ.

ಜುಲೈ ಮೂರನೇ ತಾರೀಖು. ಬೆಳಿಗ್ಗೆ ಹನ್ನೊಂದು ಗಂಟೆ ಇರಬಹುದು. ರೇಷನ್ ಇಳಿಸಿ ಆಗಿತ್ತು. ಹತ್ತು ಹೆಜ್ಜೆ ಕೆಳಗೆ ಕಲ್ಲು ಪೇರಿಸಿ ಮಾಡಿದ ಮರೆ ಇತ್ತು. ಕೆಲಸ ಆದ ತಕ್ಷಣ ಎಲ್ಲರೂ ಅದರೊಳಗೆ ಹೋಗಬೇಕು, ಅದು ಆರ್ಡರ್. ಬೇರೆಯವರು ಹೋದರು. ಬೀರ ನನ್ನ ಹತ್ತಿರ ಬಂದು, ಅವ್ವನಿಗೆ ಒಂದು ಕಾಗದ ಬರೆದುಕೊಡು ಎಂದ. ಅವನಿಗೆ ಬರೆಯಲು ಅಷ್ಟಾಗಿ ಬರುತ್ತಿರಲಿಲ್ಲ. ನಮ್ಮ ಕಡೆಯ ಹುಡುಗರಿಗೆಲ್ಲ ನಾನೇ ಬರೆದುಕೊಡುತ್ತಿದ್ದೆ. ಚೆನ್ನಾಗಿ ಬರೆಯುತ್ತೇನೆ ಎಂದು ನನಗೆ ಜಂಬ ಇತ್ತು. ಇಬ್ಬರೂ ಒಂದು ಡಬ್ಬದ ಮೇಲೆ ಕೂತೆವು. ಅವನು ನನ್ನ ಎಡಗಡೆ ಇದ್ದ.

ಅವನು ಹೇಳಿದ್ದು ಇಷ್ಟು. ನನಗೆ ಒಂದು ಅಕ್ಷರವೂ ಮರೆತಿಲ್ಲ.

"ಅವ್ವಾ, ಕಂಬ್ಳಿ ಕಳುಸ್ಬ್ಯಾಡ, ಇಲ್ಲಿ ದಪ್ಪಂದು ಕೊಟ್ಟವ್ರೆ, ಈಗ ಚಳಿ ಆಗಲ್ಲ. ಅದ್ನ ನೀನೇ ಹೊದ್ಕೊ. ತಂಗಿ ಮದ್ವೇಗೆ ಬರಕ್ಕಾಗ್ಲಿಲ್ಲ, ಸಿಟ್ಟಾಗ್ಬ್ಯಾಡ ಅಂತ ಅವ್ಳಿಗೆ ಹೇಳು."

ಇಷ್ಟೇನಾ ಎಂದೆ. ಇಷ್ಟೇ, ಮಡಚಿ ಕೊಡು ಎಂದ. ನನಗೆ ಅದು ತೀರಾ ಸಪ್ಪೆ ಅನಿಸಿತು. ಇಂಥ ಜಾಗದಿಂದ ಬರೆಯುವ ಕಾಗದದಲ್ಲಿ ಬರೀ ಕಂಬಳಿ ವಿಷಯವಾ ಎಂದು, "ಇರೋ, ಆ ಬೆಟ್ಟದ ಮೇಲೆ ಒಂದು ಮಾತು ಸೇರಿಸ್ತೀನಿ" ಎಂದೆ. ಅವನು, "ಬ್ಯಾಡ ಕಣೋ, ಅವ್ವಂಗೆ ಅದೆಲ್ಲ ಯಾಕೆ, ನಡಿ ಒಳಕ್ಕೆ" ಎಂದು ಎದ್ದ. ನಾನು ಅವನ ಕೈ ಹಿಡಿದು ಎಳೆದು ಕೂರಿಸಿದೆ. "ಎರಡೇ ನಿಮಿಷ ಕೂತ್ಕೊ" ಎಂದೆ. ಅವನು ನಕ್ಕು ಕೂತ.

ಬೆಟ್ಟದ ತುದಿಯ ಹಿಮವನ್ನು ಯಾವುದಕ್ಕೆ ಹೋಲಿಸಲಿ ಎಂದು ನಾನು ಯೋಚಿಸುತ್ತಿದ್ದೆ. ಉಕ್ಕುವ ಹಾಲು ಎನ್ನಲೋ, ಅಜ್ಜಿಯ ಬಿಳಿ ಕೂದಲು ಎನ್ನಲೋ ಎಂದು ಪೆನ್ನು ಹಿಡಿದುಕೊಂಡು ಆ ಕಡೆಗೇ ನೋಡುತ್ತಿದ್ದೆ. ಆಗ ಶೆಲ್ ಬಿತ್ತು.

ಚೂರು ಅವನ ಕತ್ತಿಗೆ ಹೊಡೆಯಿತು. ನಾನು ತಿರುಗಿ ನೋಡುವಷ್ಟರಲ್ಲಿ ಮುಗಿದಿತ್ತು. ಅವನು ಏನೂ ಹೇಳಲಿಲ್ಲ, ನರಳಲಿಲ್ಲ, ಯಾರನ್ನೂ ನೆನೆಯಲಿಲ್ಲ. ಅಷ್ಟು ಹೊತ್ತು ಸಿಗಲಿಲ್ಲ ಅವನಿಗೆ. ನನ್ನ ಎಡಗಿವಿ ಹೋದದ್ದು ಅದೇ ಶೆಲ್‌ನಿಂದ. ಅವನು ಅಲ್ಲಿ ನನಗೆ ಅಡ್ಡವಾಗಿ ಕೂತಿರದಿದ್ದರೆ ನಾನು ಉಳಿಯುತ್ತಿರಲಿಲ್ಲ. ನಾನು ಕೂರಿಸದಿದ್ದರೆ ಅವನು ಅಲ್ಲಿ ಇರುತ್ತಿರಲಿಲ್ಲ.

ಕಾಗದ ಓದುವ ಹಾಗಿರಲಿಲ್ಲ. ಹರಿದು ಹಾಕಿದೆ. ಒಂದು ತಿಂಗಳ ಮೇಲೆ ಆಸ್ಪತ್ರೆಯಿಂದ ನರಸಮ್ಮವ್ವನಿಗೆ ಬರೆಯಲು ಕೂತೆ. ಶೆಲ್ ಬಿತ್ತು ಎಂದು ಬರೆದರೆ, ಆಚೆ ಯಾಕಿದ್ದ ಎಂದು ಕೇಳುತ್ತಾರೆ. ಯಾಕಿದ್ದ ಎಂದು ಬರೆದರೆ ನನ್ನ ಹೆಸರು ಬರಬೇಕು. ಅದಕ್ಕೆ ಹಿಮ ಹಾಕಿದೆ. ಓದಿದರೆ ನನಗೇ ಎಷ್ಟು ಚೆನ್ನಾಗಿದೆ ಅನಿಸಿತು. ಅದನ್ನು ಆಮೇಲೆ ಎಲ್ಲಾ ಕಡೆ ಹೇಳಿದೆ. ಹೇಳಿ ಹೇಳಿ ಎಷ್ಟೋ ಸಲ ನನಗೂ ಹಿಮ ಇತ್ತು ಅಂತಲೇ ಅನಿಸಿದೆ.

ಕಂಬಳಿ ಬೇಡ ಎಂದ ಅವನ ಮಾತನ್ನು ಯಾಕೆ ಬರೆಯಲಿಲ್ಲ ಎಂದು ನೀನು ಕೇಳುತ್ತೀಯ. ಬಚ್ಚಿಡಬೇಕು ಎಂದು ಅಲ್ಲ. ಅದು ಬರೆಯುವಂಥ ಮಾತು ಎಂದೇ ನನಗೆ ಅನಿಸಲಿಲ್ಲ. ಇದನ್ನು ಬರೆಯಲು ಇಷ್ಟು ದಿನ ಹಿಡಿಯಿತು.

ಈ ಕಾಗದವನ್ನು ತೆಗೆದುಕೊಂಡು ಹೋಗಿ ನರಸಮ್ಮವ್ವನಿಗೆ ಓದು. ಪೂರ್ತಿ ಓದು. ನನ್ನನ್ನು ಉಳಿಸಲು ಒಂದು ಸಾಲನ್ನೂ ಬಿಡಬೇಡ. ಕಲ್ಲಿನ ಮೇಲಿನ ಮಾತು ತೆಗೆಯಲು ಆದಿನಾರಾಯಣಪ್ಪನವರಿಗೆ ಹೇಳಿದ್ದೇನೆ. ಏನು ಕೆತ್ತಬೇಕು ಎಂದು ಆ ತಾಯಿಯೇ ಹೇಳಲಿ. ಏನೂ ಬೇಡ ಎಂದರೆ ಬೇಡ. ಏಳನೇ ಅಧ್ಯಾಯವನ್ನು ಒಲೆಗೆ ಹಾಕಿದೆ. ನಿನ್ನ ಅಮ್ಮ ನೋಡುತ್ತಾ ನಿಂತಿದ್ದಳು.

ಅಪ್ಪ


ಸೋಂಪುರ
ಅಕ್ಟೋಬರ್ 21, 2024

(ಅಪ್ಪ, ಇದು ನರಸಮ್ಮಜ್ಜಿ ಹೇಳಿ ಬರೆಸಿದ ಕಾಗದ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ಒಂದು ಮಾತೂ ಸೇರಿಸಿಲ್ಲ, ತೆಗೆದಿಲ್ಲ. – ಅಕ್ಷತ)

ಪಿಳ್ಳಣ್ಣ,

ನಿನ್ ಮಗ್ಳು ಸನಿವಾರ ಬಂದು ನಿನ್ ಕಾಗ್ದ ಓದುದ್ಲು. ಅರ್ಧಕ್ಕೆ ನಿಲ್ಸು ಅಂತಂದೆ. ಎದ್ದು ಹೋಗು ಅಂತ್ಲೂ ಅಂದೆ, ಪಾಪ. ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ಎದ್ದು ಮುನಿಕೃಷ್ಣನ ಕೈಲಿ ಇವ್ಳನ್ನ ಮತ್ತೆ ಕರ್ಸಿ ಮೊದ್ಲಿಂದ ಓದಿಸ್ದೆ. ಇವತ್ತೂ ಓದಿಸ್ದೆ.

ನಿನ್ ಮ್ಯಾಲೆ ನಂಗೆ ಸಿಟ್ಟೈತೆ ಪಿಳ್ಳಣ್ಣ. ಕೇಳುಸ್ಕೊ. ಅವನ್ನ ಕೂರುಸ್ಕೊಂಡೆ ಅಂತ ಅಲ್ಲ. ನೀನೇನು ಸೆಲ್ ಬರ್ಲಿ ಅಂತ ಕೂರುಸ್ಕೊಂಡಿಲ್ಲ. ಇಬ್ರೂ ಹುಡುಗ್ರು, ಕೂತಿದ್ರಿ. ಅದು ಬಂತು. ಅದ್ಕೆ ಅತ್ತೆ, ಆಯ್ತು. ಆದ್ರೆ ಕಂಬ್ಳಿ ಬ್ಯಾಡ ಅಂದಿದ್ನಲ್ಲೋ ನನ್ ಮಗ, ಚಳಿ ಆಗಲ್ಲ ಅಂದಿದ್ನಲ್ಲೋ! ಆ ಒಂದು ಮಾತ್ನ ನಂಗೆ ತಲುಪ್ಸಕ್ಕೆ ನಿಂಗೆ ಏನಾಗಿತ್ತು? ಅವ್ನು ನಂಗೆ ಹೇಳಿದ್ದ ಮಾತು ಅದು. ನಿಂದಲ್ಲ. ಸಪ್ಪೆ ಅಂತ ಅನ್ನಕ್ಕೆ ನೀನ್ಯಾರು? ಇಪ್ಪತ್ತೈದು ವರ್ಸ ನನ್ ಮಗನ್ನ ನಾನೇ ಕೊಂದೆ ಅಂತ ಬದುಕಿದೀನಿ. ಸೊಸೆ ಮುಂದೆ, ಮೊಮ್ಮಗಳ ಮುಂದೆ ತಲೆ ಎತ್ತಿಲ್ಲ. ಈ ಸಿಟ್ಟು ಹೋಗಾಕಿಲ್ಲ. ಹೋಯ್ತು ಅಂತ ಸುಳ್ಳು ಹೇಳಾಕಿಲ್ಲ ನಾನು.

ಕಲ್ಲಿನ ಮ್ಯಾಲೆ ಏನ್ ಬರೀಬೇಕು ಅಂತ ಕೇಳಿದ್ದೀಯಂತೆ. ಹುಲಿ ಗಿಲಿ ಬ್ಯಾಡ. ನಾನು ಹೆತ್ತಿದ್ದು ಮಗನ್ನ. ಅವ್ನ ಹೆಸ್ರು ಬರೀರಿ, ಅವ್ರಪ್ಪನ ಹೆಸ್ರು ಬರೀರಿ, ಸತ್ತ ದಿನ ಬರೀರಿ. ಅವತ್ತು ಅವ್ವಂಗೆ ಕಾಗ್ದ ಬರೆಸ್ತಾ ಕೂತಿದ್ದ ಅಂತ ಬರೀರಿ. ಅಷ್ಟೇ ಸಾಕು. ಆವಯ್ಯ ಅಧ್ಯಕ್ಸ ಒಪ್ನಿಲ್ಲ ಅಂದ್ರೆ ನಾನು ಪರ್ದೆ ಎಳಿಯಾಕೆ ಬರಲ್ಲ ಅಂತ ಹೇಳು.

ಈ ಭಾನ್ವಾರ ನೀನು ಇಲ್ಲಿಗೆ ಬಾ. ನಿನ್ ಹೆಂಡ್ರೂ ಬರ್ಲಿ. ಊಟ ಇಲ್ಲೇ. ಹಣ್ಣು ಹೂವು ಏನೂ ತರ್ಬ್ಯಾಡ, ಕಾಲಿಗ್ ಬೀಳ್ಬ್ಯಾಡ, ನಂಗೆ ಅವೆಲ್ಲ ಆಗಲ್ಲ. ಅವ್ನು ಹೇಳಿದ್ ಮಾತ ನಿನ್ ಮಗ್ಳ ಬಾಯಲ್ಲಿ ಕೇಳಿದ್ದಾಯ್ತು. ಅವ್ಳು ಓದ್ತಾಳೆ ಅಷ್ಟೆ, ಅವ್ಳೇನು ಅವನ್ನ ಕಂಡವ್ಳಾ? ನೀನು ಪಕ್ದಾಗೆ ಕೂತಿದ್ದೋನು. ಬಂದು ನನ್ ಎದ್ರು ಕೂತ್ಕೊಂಡು, ಅವ್ನು ಹೆಂಗಂದ್ನೋ ಹಂಗೇ ಅನ್ನು. "ಅವ್ವಾ" ಅಂತ ಸುರು ಮಾಡಿದ್ನಲ್ಲ, ಅಲ್ಲಿಂದ.

ನರಸಮ್ಮ